ಟಿನ್ನಿಗೆ ಜಿಡ್ಡು ಹಚ್ಚುತ್ತಿದ್ದವರು

ಬೇಕರಿಯ ಕೇಕು ಚೆನ್ನಾಗಿದ್ದರೆ ಜನ ಮಾಸ್ಟರನ್ನು ಹೊಗಳುತ್ತಾರೆ, ಚೆನ್ನಾಗಿಲ್ಲದಿದ್ದರೆ ಮಾಲೀಕರನ್ನು ಬೈಯುತ್ತಾರೆ. ಅದು ತಳ ಹರಿಯದೆ, ಮೂಲೆ ಮುರಿಯದೆ ಟಿನ್ನಿನಿಂದ ಈಚೆಗೆ ಹೇಗೆ ಬಂತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿದವಳಲ್ಲ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಆ ಬೇಕರಿಗೆ ಸೇರುವ ತನಕ, ಟಿನ್ನಿಗೆ ಜಿಡ್ಡು ಹಚ್ಚುವುದೇ ಒಬ್ಬ ಮನುಷ್ಯನ ಇಡೀ ಕೆಲಸವಾಗಿರಬಹುದು ಎಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಆ ಕೆಲಸ ಮಾಡುತ್ತಿದ್ದವರು ಹೋಗಿಬಿಟ್ಟರು ಎಂದು ಬೇಕರಿಯ ಮಾಸ್ಟರು ಫೋನು ಮಾಡಿ ಹೇಳಿದ್ದು ಹೋದ ತಿಂಗಳು. ಹೆಸರು ಹೇಳಿದಾಗ ಯಾರು ಎಂದು ನನಗೆ ತಕ್ಷಣ ಗೊತ್ತಾಗಲಿಲ್ಲ. ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದೇ ಇಲ್ಲ. ಬೇಕರಿಯವರಿಗೆಲ್ಲ ಅವರು ಟಿನ್ನಣ್ಣ, ನನಗೆ ಬರೀ ಅಣ್ಣ. ಹಾಗಾಗಿ ಇಲ್ಲಿಯೂ ಹೆಸರು ಬರೆಯುವುದಿಲ್ಲ. ಬರೆದರೆ ಬೇರೆ ಯಾರನ್ನೋ ಕುರಿತು ಬರೆದ ಹಾಗೆ ಆಗುತ್ತದೆ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳನ್ನು ಮಾಲೂರಿಗೆ ಕೊಟ್ಟಿದ್ದೆ. ಮನೆಯಲ್ಲಿ ಒಬ್ಬಳೇ. ನನಗೆ ಮೊದಲಿನಿಂದ ಪಾತ್ರೆ ಬೆಳಗುವ ಹುಚ್ಚು. ತವರಿನಲ್ಲಿ ನಮ್ಮಮ್ಮ ಬಂದವರಿಗೆಲ್ಲ ನಾನು ತಿಕ್ಕಿದ ತಂಬಿಗೆ ತೋರಿಸಿ, ಇದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಹೇಳಿಕೊಳ್ಳುತ್ತಿದ್ದಳು. ಆ ಹೊಗಳಿಕೆ ತಲೆಗೆ ಏರಿದ್ದು ಇಳಿಯಲೇ ಇಲ್ಲ. ಒಬ್ಬಳೇ ಆದ ಮೇಲೆ ಹುಚ್ಚು ಇನ್ನೂ ಜಾಸ್ತಿಯಾಗಿ, ವರ್ಷಗಟ್ಟಲೆ ಬಳಸದ ಪಾತ್ರೆಗಳನ್ನೂ ಅಟ್ಟದಿಂದ ಇಳಿಸಿ ತಿಕ್ಕತೊಡಗಿದೆ. ಮಗಳು ಒಂದು ಸಲ ಬಂದವಳು ನಡುಮನೆ ತುಂಬ ಹರಡಿದ್ದ ಹಿತ್ತಾಳೆ ಸಾಮಾನು ನೋಡಿ ಹೆದರಿದಳು. ಎಲ್ಲಾದರೂ ಕೆಲಸಕ್ಕೆ ಸೇರಿಕೋ ಎಂದು ಹಟ ಹಿಡಿದಳು. ಹಾಗೆ ಒಂದು ಯುಗಾದಿ ಕಳೆದ ಮೇಲೆ ಆ ಬೇಕರಿಯಲ್ಲಿ ಬಿಸ್ಕತ್ತು ತೂಗಿ ಕಟ್ಟಿಕೊಡುವ ಕೆಲಸಕ್ಕೆ ನಿಂತೆ. ಹುಚ್ಚಿನ ವಿಷಯ ಇಲ್ಲೇ ಹೇಳಿಟ್ಟಿದ್ದೇನೆ, ಮುಂದೆ ಬೇಕಾಗುತ್ತದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಸೌದೆಯ ಭಟ್ಟಿ. ಭಟ್ಟಿಗೂ ಹಿತ್ತಿಲ ಬಾಗಿಲಿಗೂ ನಡುವೆ ಒಂದು ಕಲ್ಲುಚಪ್ಪಡಿ, ಅದರ ಮುಂದೆ ಒಂದು ಮಣೆ. ಅದು ಅವರ ಜಾಗ. ಬೆಳಿಗ್ಗೆ ಆರಕ್ಕೆ ಬಂದು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಅರವತ್ತರ ಆಸುಪಾಸಿನ ಸಣ್ಣ ಆಳು. ತೋಳಿನ ಬನಿಯನ್ನು, ಮಂಡಿಯ ತನಕ ಎತ್ತಿ ಕಟ್ಟಿದ ಲುಂಗಿ. ಹಳೇ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು, ಕರಗಿಸಿದ ವನಸ್ಪತಿಯಲ್ಲಿ ಅದ್ದಿ, ಟಿನ್ನಿಗೆ ಮೊದಲು ನಾಲ್ಕು ಮೂಲೆ, ಆಮೇಲೆ ತಳ, ಕೊನೆಗೆ ಗೋಡೆ ಸವರುತ್ತಿದ್ದರು. ಗೋಡೆಗೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ಅದೂ ತೆಳ್ಳಗೆ. ಜಿಡ್ಡು ಜಾಸ್ತಿಯಾದರೆ ಉಬ್ಬುವ ಕೇಕು ಗೋಡೆ ಹತ್ತಲಾರದೆ ಜಾರುತ್ತದಂತೆ. ಆಮೇಲೆ ಒಂದು ಚಿಟಿಕೆ ಮೈದಾ ಉದುರಿಸಿ, ಟಿನ್ನನ್ನು ಅಂಗೈಯಲ್ಲಿ ಸುತ್ತ ತಿರುಗಿಸಿ, ಮಗುಚಿ ಕಲ್ಲಿಗೆ ಎರಡು ಸಲ ತಟ್ಟುತ್ತಿದ್ದರು. ಆ ಟಕ್ ಟಕ್ ಸದ್ದು ಮುಂದಿನ ಅಂಗಡಿಗೂ ಕೇಳುತ್ತಿತ್ತು. ಒಂದು ದಿನ ಅದು ಕೇಳದಿದ್ದರೆ ಮಾಲೀಕರು ತಲೆ ಎತ್ತಿ ಹಿಂದಕ್ಕೆ ನೋಡುತ್ತಿದ್ದರು.

ಮೊದಮೊದಲು ನನಗೆ ಇದೆಲ್ಲ ನಗು ಬರಿಸುತ್ತಿತ್ತು. ಜಿಡ್ಡು ಹಚ್ಚುವುದರಲ್ಲಿ ಏನು ಮಹಾ ಇದೆ, ಮಗುವಿನ ತಲೆಗೆ ಎಣ್ಣೆ ಒತ್ತಿದ ಹಾಗೆ ಒತ್ತಿದರಾಯಿತು ಎಂದು ಒಂದು ದಿನ ಅವರೆದುರಿಗೇ ಅಂದೆ. ಅವರು ಒಂದು ಟಿನ್ನು ನನ್ನ ಕೈಗೆ ಕೊಟ್ಟರು. ನಾನು ಹಚ್ಚಿಕೊಟ್ಟೆ. ಅದಕ್ಕೆ ಬೇರೆ ಗುರುತು ಮಾಡಿ ಭಟ್ಟಿಗೆ ಕಳಿಸಿದರು. ಕೇಕು ಬಂತು, ಆದರೆ ಒಂದು ಮೂಲೆ ಟಿನ್ನಿನಲ್ಲೇ ಉಳಿಯಿತು. ಆ ಮುರುಕು ಮೂಲೆಯನ್ನು ಚಾಕುವಿನಲ್ಲಿ ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟು, “ಮೂಲೆ ಮರೆತೋನು ಕೇಕು ಮರೆತ, ತಿನ್ನಮ್ಮಾ” ಅಂದರು. ನಾನು ತಿಂದೆ. ಅವರ ಬಾಯಿಂದ ಆಮೇಲೆ ಈ ಮಾತನ್ನು ನೂರು ಸಲ ಕೇಳಿರಬಹುದು.

ಎಲ್ಲಕ್ಕೂ ಜಿಡ್ಡು ಎಂದೂ ಅಲ್ಲ. ಪಫ್ ಬೇಯಿಸುವ ಟ್ರೇಗೆ ಬರೀ ನೀರು ಚಿಮುಕಿಸುತ್ತಿದ್ದರು. ಪಫ್ಫಿನೊಳಗೇ ಬೇಕಾದಷ್ಟು ಜಿಡ್ಡಿದೆ, ಉಂಡವನಿಗೆ ಯಾಕೆ ಮತ್ತೆ ಬಡಿಸೋದು ಅನ್ನುತ್ತಿದ್ದರು. ಬನ್ನಿನ ಟ್ರೇ, ಬ್ರೆಡ್ಡಿನ ಟಿನ್ನು ಎಲ್ಲವೂ ಅವರ ಕೈಯಿಂದಲೇ ಹೋಗಬೇಕು. ಆದರೆ ಅವರ ಜೀವವೆಲ್ಲ ಇದ್ದದ್ದು ಎಂಟು ಪೇಸ್ಟ್ರಿ ಟಿನ್ನುಗಳಲ್ಲಿ. ಅಗಲವಾದ, ಗಿಡ್ಡ ಗೋಡೆಯ ಟಿನ್ನುಗಳು. ಅವುಗಳಲ್ಲಿ ಬೆಂದ ಸ್ಪಂಜು ಕೇಕನ್ನೇ ಕೊಯ್ದು, ನಡುವೆ ಕ್ರೀಮು ಬಳಿದು ಪೇಸ್ಟ್ರಿ ಮಾಡುವುದು. ಬೇಕರಿ ಶುರುವಾದ ಕಾಲದಲ್ಲಿ ಕೋಲಾರದ ಪೇಟೆಯಲ್ಲಿ ತಗಡಿನ ಕೆಲಸದವರ ಹತ್ತಿರ ನಿಂತು ಹೇಳಿ ಮಾಡಿಸಿದ್ದಂತೆ. ನಾನು ನೋಡುವ ಹೊತ್ತಿಗೆ ಅವು ಕಾವಲಿಯ ಹಾಗೆ ಕರ್ರಗಾಗಿದ್ದವು.

ಹೊಸ ತಗಡು ಹಾಗೇ ಕೆಲಸಕ್ಕೆ ಬರುವುದಿಲ್ಲ, ಪಳಗಿಸಬೇಕು ಎಂದು ಅವರೇ ನನಗೆ ಒಂದು ಮಧ್ಯಾಹ್ನ ವಿವರಿಸಿದ್ದರು. ಬಿಸಿನೀರಿನಲ್ಲಿ ಒಂದೇ ಒಂದು ಸಲ ತೊಳೆಯುವುದು. ಭಟ್ಟಿಯ ಬಾಯಲ್ಲಿಟ್ಟು ಒಣಗಿಸುವುದು. ಕಂಡೂ ಕಾಣದಷ್ಟು ತೆಳ್ಳಗೆ ಎಣ್ಣೆ ಸವರಿ, ಭಟ್ಟಿ ಆರುತ್ತಿರುವಾಗ ಬೋರಲು ಹಾಕಿ ಒಳಗಿಡುವುದು. ತಣ್ಣಗಾದ ಮೇಲೆ ಒರೆಸಿ, ಮತ್ತೆ ಸವರಿ, ಮತ್ತೆ ಇಡುವುದು. ಹೀಗೆ ಏಳು ಸುತ್ತು. ತಗಡು ಮೊದಲು ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ಕಪ್ಪು. ಅದಾದ ಮೇಲೂ ವರ್ಷಗಟ್ಟಲೆ ಕೇಕು ಬೇಯಬೇಕು. ಕಡೆಗೆ ಟಿನ್ನೇ ಕೇಕನ್ನು ಬಿಟ್ಟುಕೊಡಲು ಕಲಿಯುತ್ತದೆ. ಅದಕ್ಕೆ ಅವರು ಆ ಟಿನ್ನುಗಳಿಗೆ ನೀರು ಮುಟ್ಟಿಸುತ್ತಿರಲಿಲ್ಲ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ ಮೇಲಿನ ಹಲಗೆಯಲ್ಲಿ ಬೋರಲು ಹಾಕುವುದು, ಅಷ್ಟೇ. ಇದನ್ನೆಲ್ಲ ನಾನು ಹೂಂ ಹೂಂ ಎಂದು ಕೇಳಿದೆ. ಕಿವಿಯಿಂದ ಕೇಳಿದೆನೇ ಹೊರತು ತಲೆಗೆ ತೆಗೆದುಕೊಳ್ಳಲಿಲ್ಲ. ಮನಸ್ಸಿನಲ್ಲಿ ನನಗೆ ಅನಿಸಿದ್ದು ಇಷ್ಟೇ: ಗಂಡಸರು, ತೊಳೆಯುವ ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಎಷ್ಟು ದೊಡ್ಡ ಪುರಾಣ ಹೇಳುತ್ತಾರೆ.

ನಮ್ಮ ಜೊತೆ ಕನ್ನಡ ಆಡುತ್ತಿದ್ದವರು ಟಿನ್ನುಗಳ ಜೊತೆ ಮಾತ್ರ ತೆಲುಗು. ಕೇಕು ಬೆಂದು ಬಂದ ಮೇಲೆ ಟಿನ್ನನ್ನು ಬೋರಲು ಹಿಡಿದು, ಬೆನ್ನಿಗೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತಾ, “ರಾ ತಲ್ಲೀ, ರಾ” ಅನ್ನುತ್ತಿದ್ದರು. ಬಾ ತಾಯಿ, ಬಾ ಎಂದು. ಕೇಕು ಪೂರ್ತಿ ಇಳಿದು ಹಲಗೆಯ ಮೇಲೆ ಕೂತಾಗ ಖಾಲಿ ಟಿನ್ನಿನ ಒಳಗೆ ಒಂದು ಸಲ ಇಣುಕಿ ನೋಡುತ್ತಿದ್ದರು. ಒಂದು ಚೂರೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಅವರ ಮುಖ ನೋಡಬೇಕಿತ್ತು. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ಸಂತೋಷಪಡುವವರನ್ನು ಕಂಡರೆ ನನಗೆ ಆಗ ಹೊಟ್ಟೆಕಿಚ್ಚಾಗುತ್ತಿತ್ತು.

ಅಷ್ಟು ವರ್ಷ ಬಿಸಿ ತಗಡು ಹಿಡಿದು ಹಿಡಿದು ಅವರ ಬೆರಳ ತುದಿಗಳು ನುಣ್ಣಗಾಗಿ ಹೋಗಿದ್ದವು. ರೇಷನ್ ಡಿಪೋದಲ್ಲಿ ಹೆಬ್ಬೆಟ್ಟು ಒತ್ತುವ ಮೆಷಿನ್ನು ಅವರನ್ನು ಗುರುತು ಹಿಡಿಯುತ್ತಿರಲಿಲ್ಲ. ಹತ್ತು ಬೆರಳನ್ನೂ ಒತ್ತಿಸಿ ಸಾಕಾದ ಡಿಪೋದವನು, ಮನೆಯಲ್ಲಿ ಬೇರೆ ಯಾರಿದ್ದಾರೋ ಅವರನ್ನು ಕಳಿಸಿ ಅಂದನಂತೆ. ಕಾರ್ಡಿನಲ್ಲಿ ಇದ್ದದ್ದು ಒಂದೇ ಹೆಸರು. ಆ ದಿನ ಖಾಲಿ ಚೀಲ ಹಿಡಿದು ನೇರ ಬೇಕರಿಗೆ ಬಂದವರು ನನಗೆ ಬೆರಳು ತೋರಿಸಿ ನಕ್ಕರು. “ನನ್ನ ಗುರುತೆಲ್ಲ ಟಿನ್ನಿಗೆ ಹತ್ತಿಬಿಟ್ಟಿದೆ ಕಣಮ್ಮ. ಮೆಷಿನ್ ಮುಂದೆ ಅದನ್ನೇ ತಗೊಂಡು ಹೋಗಿ ಇಡಬೇಕು.” ನಾನೂ ನಕ್ಕೆ. ಮನೆಗೆ ಹೋಗಿ ಅನ್ನಕ್ಕೆ ಇಡುವಾಗ ಆ ಒಂಟಿ ಹೆಸರಿನ ಕಾರ್ಡು ನೆನಪಾಯಿತು. ನನ್ನ ಕಾರ್ಡಿನಲ್ಲೂ ಆಗ ಉಳಿದಿದ್ದದ್ದು ಒಂದೇ ಹೆಸರು.

ಮದುವೆಯಾಗಿತ್ತಂತೆ. ಹೆಂಡತಿ ಗಡಿಯಾಚೆಯ ಆಂಧ್ರದ ಹಳ್ಳಿಯವಳು. ನಾಲ್ಕು ತಿಂಗಳು ಇದ್ದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಒಂದು ವರ್ಷ ಪ್ರತಿ ಶುಕ್ರವಾರ ಹೋಗಿ ಕರೆದು ಬಂದರು. ಆಮೇಲೆ ಬಿಟ್ಟರು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಟಿನ್ನು ಒರೆಸುತ್ತಾ, ಬೇರೆ ಯಾರದ್ದೋ ಮನೆಯ ಸುದ್ದಿ ಹೇಳಿದ ಹಾಗೆ. ಯಾಕಂತೆ ಎಂದು ಕೇಳಿದೆ. ಅವಳಿಗೆ ಬೇಕರಿ ವಾಸನೆ ಆಗ್ತಿರಲಿಲ್ಲ ಅಂದರು. ಆವನಿಯಲ್ಲಿ ಅವರ ಅಕ್ಕನ ಮನೆ ಇತ್ತು. ಹಬ್ಬಕ್ಕೆ ಅಲ್ಲಿಗೆ ಹೋಗಿ, ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ವಾಪಸು ಬಂದುಬಿಡುತ್ತಿದ್ದರು. ಎರಡು ದಿನ ಇದ್ದರೆ ನೆಂಟರು, ಮೂರನೆಯ ದಿನಕ್ಕೆ ಹೊರೆ ಎನ್ನುವುದು ಅವರ ಲೆಕ್ಕ.

ಸಂಜೆ ಹೊತ್ತು ಹುಟ್ಟುಹಬ್ಬದ ಕೇಕುಗಳ ಮೇಲೆ ಮಾಸ್ಟರು ಹೆಸರು ಬರೆಯುವಾಗ ಮಾತ್ರ ಅವರು ಮಣೆ ಬಿಟ್ಟು ಎದ್ದು ಬಂದು ನಿಲ್ಲುತ್ತಿದ್ದರು. ಒಂದೊಂದೇ ಅಕ್ಷರ ಕೂಡಿಸಿ ಹೆಸರು ಓದುತ್ತಿದ್ದರು. ಮಾರನೆಯ ದಿನ ಕೇಕು ಒಯ್ದವರು ಬ್ರೆಡ್ಡಿಗೆ ಬಂದರೆ, ಹಿಂದಿನಿಂದಲೇ ಇಣುಕಿ ನಮ್ಮ ಚಿನ್ನುವಿಗೆ ಎಷ್ಟು ತುಂಬ್ತು, ಕೇಕು ತಿಂದಳಾ ಎಂದು ವಿಚಾರಿಸುವರು. ಕೇಳಿಸಿಕೊಂಡವರು ಈತ ಯಾರು ಎನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು. ಊರಿನ ಅರ್ಧ ಮಕ್ಕಳ ವಯಸ್ಸು ಅವರಿಗೆ ಗೊತ್ತಿತ್ತು. ಮಕ್ಕಳಲ್ಲಿ ಒಂದಕ್ಕೂ ಅವರು ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಮಾಲೀಕರಿಗೆ ಪೇಪರಿನ ಅಚ್ಚುಗಳ ಆಸೆ ಹತ್ತಿತ್ತು. ಬೆಂಗಳೂರಿನ ಬೇಕರಿಗಳಲ್ಲಿ ಟಿನ್ನಿನ ಬದಲು ಕಾಗದದ ಅಚ್ಚಿನಲ್ಲೇ ಬೇಯಿಸಿಬಿಡುತ್ತಾರೆ, ಹಚ್ಚುವ ತಾಪತ್ರಯವೇ ಇಲ್ಲ, ಒಂದು ಆಳೂ ಉಳಿಯುತ್ತದೆ ಎಂದು ಎಲ್ಲರೆದುರು ಹೇಳುತ್ತಿದ್ದರು. ಕೆಟ್ಟವರಲ್ಲ, ಬಾಯಿಗೆ ಬಂದದ್ದನ್ನು ಆಡುವ ಮನುಷ್ಯ. ಅವರು ಹಾಗೆ ಅಂದಾಗೆಲ್ಲ ಹಿಂದಿನಿಂದ ಒಂದೇ ಉತ್ತರ ಬರುತ್ತಿತ್ತು. “ಅಂಟಿದ ದಿನ ಹೇಳಿ ಸಾಮಿ, ಅವತ್ತೇ ಹೋಗ್ತೀನಿ.” ಇದು ಇಬ್ಬರ ನಡುವೆ ತಮಾಷೆಯ ಮಾತಾಗಿತ್ತು. ಯಾಕೆಂದರೆ ಅಂಟುವ ದಿನ ಬರುತ್ತದೆ ಎಂದು ಇಬ್ಬರೂ ನಂಬಿರಲಿಲ್ಲ. ಅಣ್ಣನಿಗೆ ಆ ಮಣೆ ಬಿಟ್ಟರೆ ಬೇರೆ ಕೂರುವ ಜಾಗವಿರಲಿಲ್ಲ ಎನ್ನುವುದು ನಮಗೆಲ್ಲ ಗೊತ್ತಿತ್ತು.

ಆಯುಧಪೂಜೆ ಬಂತು. ನನಗೆ ಆ ಬೇಕರಿಯಲ್ಲಿ ಅದೇ ಮೊದಲನೆಯದು. ಹಿಂದಿನ ದಿನ ಮಧ್ಯಾಹ್ನವೇ ಭಟ್ಟಿ ಆರಿಸಿ ಎಲ್ಲ ತೊಳೆದು ಬಳಿಯುವ ಪದ್ಧತಿ. ಅಣ್ಣ ಆವನಿಗೆ ಹೊರಟು ನಿಂತವರು, “ಮೇಲಿನ ಹಲಗೆಗೆ ಕೈ ಹಾಕಬೇಡಮ್ಮ, ನಾನು ಬಂದು ನೋಡ್ಕೊತೀನಿ” ಎಂದು ಹೇಳಿ ಹೋದರು. ನಾವು ಹೆಂಗಸರು ಮೂವರು ನೆಲ, ಗಾಜಿನ ಬೀರು, ತಕ್ಕಡಿ ಎಲ್ಲ ತೊಳೆದೆವು. ಕೆಲಸ ಮುಗಿದು ಇಬ್ಬರೂ ಹೊರಟರು. ನಾನು ಮನೆಗೆ ಹೋಗಿ ಮಾಡುವುದೇನಿತ್ತು? ಮೇಲೆ ನೋಡಿದರೆ ಆ ಎಂಟು ಕರೀ ಟಿನ್ನುಗಳು. ಆಯುಧಪೂಜೆಯ ದಿನ ಕುಡುಗೋಲು ಕೂಡ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಇಡೀ ವರ್ಷ ದುಡಿದ ಇವುಗಳಿಗೆ ಮಸಿಯಲ್ಲೇ ಕುಂಕುಮ ಇಡುವುದೇ ಎಂದು ನನಗೆ ಅಯ್ಯೋ ಅನಿಸಿತು. ಪಾಪ, ವಯಸ್ಸಾದವರು, ತಾವೇ ತಿಕ್ಕಬೇಕಲ್ಲ ಎಂದು ನಾಚಿಕೊಂಡು ಹಾಗೆ ಹೇಳಿದ್ದಾರೆ ಎಂದುಕೊಂಡೆ. ಹುಣಸೆಹಣ್ಣು, ಸೋಪಿನ ಪುಡಿ, ಸ್ಟೀಲಿನ ನಾರು ತಗೊಂಡು ಹಿತ್ತಿಲಲ್ಲಿ ಕೂತೆ. ಮಧ್ಯಾಹ್ನ ಎರಡರಿಂದ ಕತ್ತಲಾಗುವ ತನಕ ತಿಕ್ಕಿದೆ. ನನ್ನ ಜೀವಮಾನದಲ್ಲಿ ಅಷ್ಟು ಹಟಮಾರಿ ಮಸಿ ಕಂಡಿರಲಿಲ್ಲ. ಅಷ್ಟು ತೃಪ್ತಿಯಿಂದ ನಿದ್ದೆ ಮಾಡಿದ್ದೂ ಇಲ್ಲ. ನಾಳೆ ಅಣ್ಣ ಬಂದು ನೋಡಿ ಏನನ್ನುತ್ತಾರೋ ಎಂದು ಯೋಚಿಸುತ್ತಲೇ ಮಲಗಿದ್ದೆ.

ಬೆಳಿಗ್ಗೆ ಅವರು ಚೆಂಡುಹೂವಿನ ಹಾರ ಹಿಡಿದು ಬಂದರು. ಟಿನ್ನುಗಳನ್ನು ನಾನು ಕಲ್ಲುಚಪ್ಪಡಿಯ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ಹಿತ್ತಿಲ ಬಾಗಿಲಿನ ಬಿಸಿಲು ಬಿದ್ದು ಥಳಥಳ ಅನ್ನುತ್ತಿದ್ದವು. ಅಣ್ಣ ಬಾಗಿಲಲ್ಲೇ ನಿಂತರು. ಹಾರವನ್ನು ಮೊಳೆಗೆ ಸಿಕ್ಕಿಸಿದರು. ಬಂದು ಒಂದು ಟಿನ್ನು ಕೈಗೆತ್ತಿಕೊಂಡು, ತಿರುಗಿಸಿ, ಒಳಗೆ ಬೆರಳಾಡಿಸಿದರು. ಕೆಳಗಿಟ್ಟು ಎರಡನೆಯದನ್ನು ಎತ್ತಿಕೊಂಡರು. ಹೀಗೆ ಎಂಟನ್ನೂ ನೋಡಿದರು. ನಾನು ಪಕ್ಕದಲ್ಲಿ ಹೊಗಳಿಕೆಗೆ ಕಾಯುತ್ತಾ ನಿಂತಿದ್ದೆ. ಬಹಳ ಹೊತ್ತು ಹಿಡಿಯಿತು. ಕಡೆಗೆ ನನ್ನ ಕಡೆ ತಿರುಗಿ, “ಚೆನ್ನಾಗಿ ಬೆಳಗಿದೀಯಮ್ಮ. ಮುಖ ಕಾಣ್ತದೆ” ಅಂದರು. ಆಮೇಲೆ ಕೂತು ಒಂದೊಂದಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟರು. ಆ ಮಾತನ್ನು ನಾನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡ ಹಾಗೆ ಇಡೀ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಹಬ್ಬ ಕಳೆದು ಎರಡು ದಿನಕ್ಕೆ ಒಂದು ರಿಸೆಪ್ಷನ್ನಿಗೆ ಪೇಸ್ಟ್ರಿಯ ದೊಡ್ಡ ಆರ್ಡರು ಇತ್ತು. ಆ ಎರಡು ದಿನವೂ ಅಣ್ಣ ಮನೆಗೆ ಊಟಕ್ಕೆ ಹೋಗಲಿಲ್ಲ. ಟಿನ್ನಿಗೆ ಎಣ್ಣೆ ಸವರಿ ಭಟ್ಟಿಯಲ್ಲಿಡುವುದು, ತೆಗೆಯುವುದು, ಮತ್ತೆ ಸವರುವುದು. ಹಬ್ಬದ ಮಾರನೆಯ ದಿನ ಇದೇನು ಹೊಸ ಕೆಲಸ ಎಂದು ನನಗೆ ಅರ್ಥವಾಗಲಿಲ್ಲ. ಮಾಸ್ಟರು ಹಾಸನದ ಕಡೆಯವರು, ಮಾತು ಕಡಿಮೆ. ಆ ದಿನ ಬಿಸ್ಕತ್ತಿನ ಟ್ರೇ ತರಲು ಮುಂದೆ ಬಂದವರು ನನ್ನ ಕಿವಿಯ ಹತ್ತಿರ ಹೇಳಿದರು. ಇಪ್ಪತ್ತು ವರ್ಷಕ್ಕೂ ಮೇಲೆ ಕೂತ ಕಪ್ಪು ಕಣಮ್ಮ ಅದು, ಮಸಿ ಅಲ್ಲ. ಹೊಳೆಯೋ ತಗಡು ಕಾವು ಒಳಗೆ ತಗೊಳ್ಳಲ್ಲ, ತಳ ಬೇಯಲ್ಲ, ಕೇಕು ಬಿಡಲ್ಲ. ಎರಡೇ ಸುತ್ತು ಎಣ್ಣೆ ಸವರಿದರೆ ಏನಾಗ್ತದೆ? ಅಣ್ಣ ಪಳಗಿಸುವುದನ್ನು ವಿವರಿಸಿದ ಆ ಮಧ್ಯಾಹ್ನದ ನನ್ನ ಹೂಂ ಹೂಂ ಎಲ್ಲ ಒಟ್ಟಿಗೆ ನೆನಪಿಗೆ ಬಂತು.

ಮೊದಲ ಟಿನ್ನು ಬಂದಾಗ ನಾನು ಬಾಗಿಲ ಪಕ್ಕದಲ್ಲಿದ್ದೆ. ಅಣ್ಣ ಬೋರಲು ಹಿಡಿದು ತಟ್ಟಿದರು. ರಾ ತಲ್ಲೀ ಅಂದರು. ಇನ್ನೊಂದು ಸಲ ತಟ್ಟಿದರು. ಅರ್ಧ ಬಂತು, ಅರ್ಧ ಒಳಗೇ ಉಳಿಯಿತು. ಎರಡನೆಯದು ನಡುವೆ ಹರಿಯಿತು. ಮೂರನೆಯದನ್ನು ಕರೆಯದೆಯೇ ಮಗುಚಿದರು. ಎಂಟರಲ್ಲಿ ಒಂದೂ ಪೂರ್ತಿ ಇಳಿಯಲಿಲ್ಲ.

ಮಾಲೀಕರು ಹಿಂದಕ್ಕೆ ಬಂದು ನೋಡಿದರು. ಹಲಗೆಯ ಮೇಲಿನ ಚೂರುಗಳನ್ನೂ ಟಿನ್ನುಗಳನ್ನೂ ನೋಡಿ, ಇವನ್ನು ತೊಳೆದೋರು ಯಾರು ಎಂದು ಕೇಳಿದರು. ನಾನು ಅಷ್ಟರಲ್ಲಿ ನನ್ನ ಜಾಗಕ್ಕೆ ಓಡಿಬಂದು ಗಿರಾಕಿಯೊಬ್ಬರಿಗೆ ಖಾರದ ಬಿಸ್ಕತ್ತು ತೂಗುತ್ತಿದ್ದೆ. ಎಲ್ಲವೂ ಕೇಳುತ್ತಿತ್ತು. ನಾನು ಎಂದು ಹೇಳಲು ಎಷ್ಟು ಹೊತ್ತು ಬೇಕು? ಬಾಯಿ ತೆರೆದೆ. ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಬಂದದ್ದು ಅಟ್ಟದಿಂದ ಇಳಿಸಿದ ಹಿತ್ತಾಳೆಯ ನಡುವೆ ಒಬ್ಬಳೇ ಕೂತ ನಾನು. ಕೆಲಸ ಹೋದರೆ ನಾನು ಅಲ್ಲಿಗೇ ಹಿಂದಿರುಗಬೇಕು. ಬಾಯಿ ಮುಚ್ಚಿಕೊಂಡೆ. ಹಿಂದಿನಿಂದ ಅಣ್ಣನ ದನಿ ಕೇಳಿತು.

“ನಾನೇ ಸಾಮಿ. ಹಬ್ಬಕ್ಕೆ ಅಂತ ನಾನೇ ತಿಕ್ಕಿಸ್ದೆ.”

ಮಾಸ್ಟರು ಏನೋ ಹೇಳಲು ಹೋದರು. ಅಣ್ಣ ಕೈ ಎತ್ತಿ ತಡೆದಿರಬೇಕು, ಮಾತು ಅಲ್ಲೇ ನಿಂತಿತು. ಮಾಲೀಕರು ಆಮೇಲೆ ಮೆತ್ತಗಾದರು. ಹೋಗಲಿ, ಕಾಗದದ ಅಚ್ಚು ತರಿಸ್ತೀನಿ, ನೀವು ಮುಂದೆ ಪ್ಯಾಕಿಂಗಿಗೆ ಕೂತ್ಕೊಳ್ಳಿ ಅಂದರು. ಅಂಟಿದ ದಿನ ಹೋಗ್ತೀನಿ ಅಂದಿದ್ದೆನಲ್ಲ ಸಾಮಿ ಎಂದು ಅಣ್ಣ ಹೇಳಿದ್ದು ತಮಾಷೆಗೆ ಎಂದೇ ಎಲ್ಲರೂ ತಿಳಿದೆವು. ಸಂಜೆ ಅವರು ಮಣೆಯನ್ನು ಗೋಡೆಗೆ ಒರಗಿಸಿದರು. ಬಟ್ಟೆಯ ತುಂಡುಗಳನ್ನು ಭಟ್ಟಿಗೆ ಹಾಕಿದರು. ಟಿನ್ನುಗಳನ್ನು ಮಾತ್ರ ಕೇಳಿ ತೆಗೆದುಕೊಂಡರು. ಗುಜರಿಗೆ ಹಾಕೋವು ತಾನೇ, ತಗೊಂಡು ಹೋಗಿ ಅಂದರು ಮಾಲೀಕರು. ಮೈದಾ ಚೀಲದಲ್ಲಿ ಎಂಟನ್ನೂ ಕಟ್ಟಿಕೊಂಡು ನನ್ನ ಮುಂದೆಯೇ ಹಾದುಹೋದರು. ಬರ್ತೀನಮ್ಮ ಅಂದರು. ಹೂಂ ಅಣ್ಣ ಅಂದೆ. ಮಾರನೆಯ ಬೆಳಿಗ್ಗೆ ಟಕ್ ಟಕ್ ಸದ್ದು ಇರಲಿಲ್ಲ. ಮಾಲೀಕರು ಎರಡು ಸಲ ತಲೆ ಎತ್ತಿ ಹಿಂದಕ್ಕೆ ನೋಡಿದರು.

ಆವನಿಗೆ ಹೋಗಿ ಅಕ್ಕನ ಮಗನ ಮನೆಯ ಪಕ್ಕದ ಕೋಣೆಯಲ್ಲಿದ್ದಾರೆ ಎಂದು ಸುದ್ದಿ ಬಂತು. ಅಕ್ಕ ಆಗಲೇ ಇರಲಿಲ್ಲ. ಮೂರನೆಯ ದಿನಕ್ಕೆ ಹೊರೆ ಅನ್ನುತ್ತಿದ್ದವರು ಅಲ್ಲಿ ಹೇಗಿದ್ದಾರೋ ಎಂದು ಯೋಚಿಸುತ್ತಿದ್ದೆ. ಹೋಗಿ ನೋಡುವ ಧೈರ್ಯ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಅವರೇ ಸಿಕ್ಕರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೆಂಚಿನ ತುದಿಯಲ್ಲಿ, ಯಾರಿಗೋ ಜಾಗ ಬಿಟ್ಟ ಹಾಗೆ ಕೂತಿದ್ದರು. ಭಟ್ಟಿಯ ಬೆಳಕಿಲ್ಲದೆ ಮುಖ ಚಿಕ್ಕದಾಗಿ ಕಂಡಿತು. ನಾನು ಹೋಗಿ ಪಕ್ಕದಲ್ಲಿ ಕೂತು, ಅಣ್ಣಾ, ಅವತ್ತು ನಾನು ಎಂದು ಶುರು ಮಾಡಿದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ.

“ಕಾಗದದಲ್ಲಿ ಕೇಕು ತಳ ಬೆವರ್ತದಾ?” ಎಂದು ಕೇಳಿದರು.

ಬೆವರುತ್ತದೆ ಅಂದೆ. ನಿಜವೂ ಆಗಿತ್ತು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಬೆಂಚಿನ ಮೇಲೆ ನೆಟ್ಟಗೆ ಕೂತರು. ಟಿನ್ನುಗಳನ್ನು ಮತ್ತೆ ಪಳಗಿಸುತ್ತಿದ್ದೇನೆ ಅಂದರು. ಭಟ್ಟಿ ಇಲ್ಲ, ಮನೆಯ ಒಲೆಯ ಕೆಂಡದಲ್ಲಿ ಒಂದೊಂದನ್ನೇ ಇಡಬೇಕು, ಅದಕ್ಕೆ ನಿಧಾನ. ನಾಲ್ಕನೆಯ ಸುತ್ತು, ಬೆಲ್ಲದ ಬಣ್ಣಕ್ಕೆ ಬಂದಿವೆ. ಯುಗಾದಿಗೆ ಕಪ್ಪು ತಿರುಗುತ್ತವೆ, ಆಗ ಬಂದು ತಗೊಂಡು ಹೋಗು. ಏನು ಮಾಡಲಿ ನಾನು ಟಿನ್ನು ಇಟ್ಟುಕೊಂಡು ಎಂದೆ. “ಮನೇಲಿ ಕೇಕು ಮಾಡು. ಒಬ್ಬಳೇ ಇರ್ತೀಯ, ಪಾತ್ರೆ ತಿಕ್ಕೋ ಬದಲು” ಅಂದರು. ತುಟಿಯಲ್ಲಿ ಸಣ್ಣ ನಗು ಇತ್ತು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿಕೊಂಡರು. ನನ್ನ ಮಾತು ನನ್ನಲ್ಲೇ ಉಳಿಯಿತು.

ಯುಗಾದಿ ಬಂತು, ಹೋಯಿತು. ನಾನು ಹೋಗಲಿಲ್ಲ. ಬಿಸಿಲು ಎಂದುಕೊಂಡೆ, ಮಾವಿನ ಕಾಲದಲ್ಲಿ ಅಂಗಡಿಯಲ್ಲಿ ಜನ ಜಾಸ್ತಿ ಎಂದುಕೊಂಡೆ, ಮಗಳ ಬಾಣಂತನ ಎಂದುಕೊಂಡೆ. ಸುಳ್ಳು ಒಂದೂ ಇರಲಿಲ್ಲ, ಆದರೆ ನಿಜವಾದ ಕಾರಣ ಅವು ಯಾವುದೂ ಅಲ್ಲ. ಕಪ್ಪಾದ ಟಿನ್ನುಗಳನ್ನು ಅವರ ಕೈಯಿಂದ ತೆಗೆದುಕೊಳ್ಳುವಾಗ ಅವರ ಮುಖ ನೋಡಬೇಕಲ್ಲ ಎನ್ನುವುದೇ ನನ್ನ ಭಯ. ಮಾಸ್ಟರ ಫೋನು ಬಂದಾಗ ನಾನು ಮಾಲೂರಿನಲ್ಲಿ ಮೊಮ್ಮಗುವಿಗೆ ಎಣ್ಣೆ ಒತ್ತುತ್ತಾ ಕೂತಿದ್ದೆ. ಮಣ್ಣಿಗೆ ಹೋಗಲು ಆಗಲಿಲ್ಲ. ಹನ್ನೊಂದನೆಯ ದಿನ ಕಳೆದ ಮೇಲೆ ಆವನಿಗೆ ಹೊರಟೆ. ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸುವಾಗ ಆ ಬೆಂಚಿನ ಕಡೆ ನೋಡಲಿಲ್ಲ.

ಅಣ್ಣನ ಅಕ್ಕನ ಸೊಸೆ ಎಳೇ ಪ್ರಾಯದವಳು, ಒಳ್ಳೆ ಹುಡುಗಿ. ನಾನು ಶ್ರೀನಿವಾಸಪುರದ ಬೇಕರಿಯವಳು ಎಂದ ಕೂಡಲೇ ಗುರುತು ಹಿಡಿದಳು. ಕೂರಿಸಿ ಕಾಫಿ ಕೊಟ್ಟು ಎಲ್ಲ ಹೇಳಿದಳು. ದಿನಾ ಅನ್ನ ಆದ ಮೇಲೆ ಒಲೆ ನನಗೆ ಬಿಡಮ್ಮ ಎಂದು ಬಂದು ಕೂರುತ್ತಿದ್ದರಂತೆ. ಖಾಲಿ ಟಿನ್ನನ್ನು ಕೆಂಡದ ಮೇಲೆ ಬೋರಲು ಹಾಕಿ ಕಾಯುವರು. ಮಕ್ಕಳು ತಾತಾ ಕೇಕೆಲ್ಲಿ ಎಂದು ಸುತ್ತಿಕೊಂಡರೆ, ಆಗ್ತದೆ, ಆಗ್ತದೆ ಅನ್ನುವರು. ಕಡೆಕಡೆಗೆ ಕಣ್ಣು ಮಂಜಾಗಿ, ಬಣ್ಣ ಬಂತಾ ನೋಡು ಎಂದು ಇವಳನ್ನೇ ಕೇಳುವರಂತೆ. ಯಾಕೆ ಎಂದು ಅವರು ಹೇಳಿರಲಿಲ್ಲ, ಹೊತ್ತು ಕಳೆಯುವ ಆಟ ಎಂದೇ ಇವಳು ತಿಳಿದಿದ್ದಳು. ಹೋಗುವ ಎರಡು ದಿನ ಮುಂಚೆ, ಎಂಟೂ ಕಪ್ಪಾದವು ಎಂದು ಇವಳು ಹೇಳಿದಾಗ, ಬೇಕರಿಯಿಂದ ಒಬ್ಬಮ್ಮ ಬರ್ತಾಳೆ, ಬಂದರೆ ಕೊಟ್ಟುಬಿಡು ಅಂದರಂತೆ. ನಾನು ಕಾಫಿ ಲೋಟ ಕೆಳಗಿಟ್ಟೆ. ಅವರು ಕಾದಿದ್ದರು. ನಾನು ಹೋಗಿರಲಿಲ್ಲ.

“ತರ್ತೀನಿ ಇರಿ ಅಕ್ಕಾ” ಎಂದು ಅವಳು ಒಳಗೆ ಹೋದಳು. ಎಂಟನ್ನೂ ಒಂದರೊಳಗೊಂದು ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ತೊಡೆಯ ಮೇಲಿಟ್ಟಳು. ಜಗುಲಿಯ ಬಿಸಿಲಿಗೆ ನನ್ನ ಕಣ್ಣು ಕುಕ್ಕಿತು.

ಸೂತಕ ಕಳೆದ ಮೇಲೆ ಮನೆಯ ಪಾತ್ರೆಗಳನ್ನೆಲ್ಲ ಬೆಳಗಬೇಕಲ್ಲ. ಇವನ್ನು ಹೊರಗಿನವರಿಗೆ ಕೊಡುವುದು ಬೇರೆ, ತುಂಬಾ ಕರಿ ಹಿಡಿದಿದ್ದವು, ಹಾಗೇ ಕೊಟ್ಟರೆ ಏನು ಚೆಂದ ಎಂದು ಅವಳು ಒಂದು ದಿನ ಪೂರ್ತಿ ಕೂತು ತಿಕ್ಕಿದ್ದಳು. ಸ್ಟೀಲಿನ ನಾರು ನಾಲ್ಕು ಮುಗಿದವಂತೆ. ಕೆಂಪಾದ ಬೆರಳುಗಳನ್ನು ನನಗೆ ತೋರಿಸಿ, ಪಕ್ಕದಲ್ಲಿ ನಿಂತಳು. ಯಾತಕ್ಕೆ ಕಾಯುತ್ತಾ ನಿಂತಿದ್ದಾಳೆ ಎನ್ನುವುದು ನನಗೆ ಗೊತ್ತಿತ್ತು. ಒಂದೊಂದನ್ನೇ ಎತ್ತಿ ನೋಡಿದೆ. ಒಳಗೆ ಬೆರಳಾಡಿಸಿದೆ. ಎಂಟನೆಯದನ್ನು ನೋಡಿ ಮುಗಿಸುವ ಹೊತ್ತಿಗೆ, ಅಣ್ಣನಿಗೆ ಅವತ್ತು ಅಷ್ಟು ಹೊತ್ತು ಯಾಕೆ ಹಿಡಿಯಿತು ಎನ್ನುವುದು ತಿಳಿಯಿತು.

“ಚೆನ್ನಾಗಿ ಬೆಳಗಿದೀಯಮ್ಮ” ಅಂದೆ. “ಮುಖ ಕಾಣ್ತದೆ.”

ಅವಳ ಮುಖ ಅರಳಿತು. ಬಗ್ಗಿ ಟಿನ್ನಿನೊಳಗೆ ಇಣುಕಿದವಳು, ಅಯ್ಯೋ ಅಂದಳು. ಒಂದು ಟಿನ್ನಿನ ಮೂಲೆಯಲ್ಲಿ, ತಗಡು ಮಡಚಿದ ಕಡೆ, ನಾರು ತಲುಪದೆ ಒಂದು ಎಳೆಯಷ್ಟು ಕಪ್ಪು ಉಳಿದಿತ್ತು.

“ಮೂಲೆ ಮರೆತೇಬಿಟ್ಟೆ. ಇಲ್ಲಿ ಕೊಡಿ ಅಕ್ಕಾ, ಒಂದು ನಿಮಿಷ, ತಿಕ್ಕಿ ಕೊಡ್ತೀನಿ” ಎಂದು ಕೈ ಚಾಚಿದಳು.

ನಾನು ಟಿನ್ನನ್ನು ಎದೆಗೆ ಒತ್ತಿಕೊಂಡೆ.

“ಬೇಡಮ್ಮ” ಅಂದೆ. “ಅಷ್ಟು ಇರಲಿ.”